ಎರಡು ಕವರಿನ ಔಷಧಿಗೆ ಒಂದೇ ಲೆಕ್ಕ ಇಡಿ: ಆರೋಗ್ಯ ಮತ್ತು ಆಯುಷ್ ಸಚಿವಾಲಯಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಸಚಿವರಿಗೆ, ಆಯುಷ್ ಸಚಿವರಿಗೆ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಧ್ಯಕ್ಷರಿಗೆ,

ನಮಸ್ಕಾರಗಳು.

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಶಿಯನ್. ಅಲ್ಲಿನ ಡಯಾಲಿಸಿಸ್ ಘಟಕದ ಹೊಣೆಯೂ ನನ್ನದೇ. ಕಳೆದ ಮಳೆಗಾಲದಲ್ಲಿ ಒಬ್ಬ ಅಡಿಕೆ ಬೆಳೆಗಾರರು ಬಂದರು. ಐವತ್ತೆರಡು ವರ್ಷ. ಕಾಲು ಬಾತಿತ್ತು, ಊಟ ಸೇರುತ್ತಿರಲಿಲ್ಲ, ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅಂಕಿ ಒಂಬತ್ತು ದಾಟಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಹೇಳಿಕೊಳ್ಳುವಷ್ಟಿಲ್ಲ, ಆದರೆ ಸ್ಕ್ಯಾನಿನಲ್ಲಿ ಎರಡೂ ಕಿಡ್ನಿಗಳು ಕುಗ್ಗಿಹೋಗಿದ್ದವು. ಇದುವರೆಗೆ ಏನೇನು ಔಷಧಿ ತಗೊಂಡಿದ್ದೀರಿ ಎಂದು ಕೇಳಿದೆ. ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿ ಮೇಜಿನ ಮೇಲೆ ಸುರಿದರು. ಗ್ಯಾಸ್ಟ್ರಿಕ್ ಮಾತ್ರೆ, ವಿಟಮಿನ್ ಮಾತ್ರೆ, ಅರ್ಧ ಖಾಲಿಯಾದ ಒಂದು ನೋವಿನ ಮಾತ್ರೆಯ ಪಟ್ಟಿ.

"ಇಷ್ಟೇನಾ ಅಮ್ಮ?"

"ಇಷ್ಟೇ ಮೇಡಂ."

ಮೂರನೇ ದಿನ, ಎರಡನೇ ಸಲದ ಡಯಾಲಿಸಿಸ್ ಮುಗಿದ ಮೇಲೆ, ಆಕೆ ಬ್ಯಾಗಿನ ತಳದಿಂದ ಇನ್ನೊಂದು ಕವರ್ ತೆಗೆದರು. ಒಳಗೆ ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಕಂದು ಬಣ್ಣದ ಪುಡಿಯ ಪೊಟ್ಟಣಗಳು. "ಮಂಡಿ ನೋವಿಗೆ ಅಂತ ಎರಡು ವರ್ಷದಿಂದ ಇದನ್ನ ತಗೋತಿದ್ರು ಮೇಡಂ. ಇಂಗ್ಲಿಷ್ ಡಾಕ್ಟ್ರಿಗೆ ತೋರಿಸಿದ್ರೆ ಬೈತಾರೆ, ತೋರಿಸ್ಬೇಡ ಅಂತ ಇವರೇ ಹೇಳಿದ್ರು." ಪೊಟ್ಟಣದ ಮೇಲೆ ಹೆಸರಿಲ್ಲ, ಕೊಟ್ಟವರ ವಿಳಾಸವಿಲ್ಲ, ಒಳಗಿರುವುದು ಯಾವ ಬೇರು, ಯಾವ ಭಸ್ಮ ಎಂಬ ಒಂದು ಸಾಲೂ ಇಲ್ಲ. ಅವರ ಕಿಡ್ನಿಯನ್ನು ತಿಂದದ್ದು ಆ ಪುಡಿಯೋ ನೋವಿನ ಮಾತ್ರೆಯೋ ಎರಡೂ ಸೇರಿಯೋ ಎಂದು ಹೇಳುವ ದಾರಿ ನನಗಿರಲಿಲ್ಲ. ಈಗ ಅವರು ವಾರಕ್ಕೆ ಎರಡು ಸಲ ಬೆಳಗಿನ ಐದೂವರೆ ಬಸ್ಸಿಗೆ ಹೊರಟು ನಮ್ಮಲ್ಲಿಗೆ ಬರುತ್ತಾರೆ.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗಳಲ್ಲಿ ಅನುವಾದಕರಿದ್ದಾರೆ. ಆ ಬೆಳೆಗಾರರ ಮನೆಯಲ್ಲಿ ಇಲ್ಲ. ಈ ಮಾತು ಅವರಿಗೂ ಮುಟ್ಟಬೇಕು.

ಎರಡು ವೈದ್ಯಪದ್ಧತಿಗಳನ್ನು ಒಂದೇ ಸೂರಿನಡಿ ತರುವ ಮಾತು ಹಲವು ವರ್ಷಗಳಿಂದ ನಡೆದಿದೆ. ಅಲೋಪಥಿ ಓದುವ ಪ್ರತಿ ವಿದ್ಯಾರ್ಥಿಗೂ ಆಯುಷ್‌ನ ಮೂಲ ತಿಳಿವಳಿಕೆ ಇರಬೇಕು, ಆಯುಷ್ ಓದುವವರಿಗೆ ಅಲೋಪಥಿಯದ್ದು ಇರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅದೇ ವರ್ಷದ ಕೊನೆಗೆ, ಆಯುರ್ವೇದದ ಸ್ನಾತಕೋತ್ತರರಿಗೆ ಕೆಲವು ಶಸ್ತ್ರಚಿಕಿತ್ಸೆಗಳ ತರಬೇತಿ ಕೊಡಬಹುದೆಂಬ ಅಧಿಸೂಚನೆ ಹೊರಟಾಗ ನನ್ನ ಸಹೋದ್ಯೋಗಿಗಳು ಡಿಸೆಂಬರ್ 11ರಂದು ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಹೂಡಿದರು. ಈ ಚರ್ಚೆ ಎಲ್ಲೇ ನಡೆಯಲಿ, ಯಾರಾದರೊಬ್ಬರು ಎದ್ದು ಒಂದು ಮಾತು ಹೇಳುತ್ತಾರೆ: "ಚೀನಾ ನೋಡಿ, ಅವರು ಮಾಡಿ ತೋರಿಸಿಲ್ಲವೇ?"

ನಾನು ಎಂಬಿಬಿಎಸ್ ಓದಿದ್ದು ಚೀನಾದಲ್ಲಿ, ನಾನ್‌ಜಿಂಗ್ ನಗರದಲ್ಲಿ. ಕರ್ನಾಟಕದಿಂದ ಹಾಗೆ ಹೋದವರು ನನ್ನಂತೆ ಬಹಳ ಜನ ಇದ್ದಾರೆ. ನಾವು ಓದಿದ್ದು ಪಶ್ಚಿಮದ ವೈದ್ಯವನ್ನೇ, ಆದರೆ ಚೀನೀ ಸಾಂಪ್ರದಾಯಿಕ ವೈದ್ಯ ಒಂದು ವಿಷಯವಾಗಿ ನಮಗೂ ಇತ್ತು. ಹಾಗಾಗಿ ಚೀನಾ ಏನು ಮಾಡಿತು, ಅದರಲ್ಲಿ ಯಾವುದು ಫಲ ಕೊಟ್ಟಿತು, ಯಾವುದಕ್ಕೆ ಜನ ಬೆಲೆ ತೆತ್ತರು ಎಂಬುದನ್ನು ನಿಮ್ಮ ಮುಂದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಎದೆರೋಗ, ಮೂಳೆರೋಗ ವಿಭಾಗಗಳ ಸಾಲಿನಲ್ಲೇ ಚೀನೀ ವೈದ್ಯದ ವಿಭಾಗವೂ ಇರುತ್ತದೆ. ಅದರ ಔಷಧಾಲಯಕ್ಕೆ ಹೋದರೆ ನೆಲದಿಂದ ಚಾವಣಿಯವರೆಗೆ ನೂರಾರು ಪುಟ್ಟ ಮರದ ಡ್ರಾಯರುಗಳು, ನಮ್ಮ ಹಳೆಯ ಗ್ರಂಥಿಗೆ ಅಂಗಡಿಗಳ ಹಾಗೆ. ಸಿಬ್ಬಂದಿ ಚೀಟಿ ನೋಡಿ ಒಂದೊಂದೇ ಬೇರು, ತೊಗಟೆ, ಹೂವನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಾರೆ. ಮನೆಯಲ್ಲಿ ಕುದಿಸಲು ಪುರುಸೊತ್ತಿಲ್ಲದವರಿಗೆ ಆಸ್ಪತ್ರೆಯೇ ಯಂತ್ರದಲ್ಲಿ ಕಷಾಯ ಮಾಡಿ, ಹಾಲಿನ ಪ್ಯಾಕೆಟ್ಟಿನಂಥ ಚೀಲಗಳಲ್ಲಿ ತುಂಬಿ ಕೊಡುತ್ತದೆ. ಅಲ್ಲಿದ್ದ ಒಬ್ಬ ಹಿರಿಯ ವೈದ್ಯರು ನನಗೆ ಇಂದಿಗೂ ನೆನಪಾಗುತ್ತಾರೆ. ಮೂರು ಬೆರಳಿಟ್ಟು ನಾಡಿ ನೋಡುವರು, ನಾಲಿಗೆ ಚಾಚಿಸಿ ನೋಡುವರು, ಆಮೇಲೆ ಕನ್ನಡಕ ಏರಿಸಿ ಕಂಪ್ಯೂಟರಿನಲ್ಲಿ ರೋಗಿಯ ರಕ್ತಪರೀಕ್ಷೆಯ ಫಲಿತಾಂಶ ಓದುವರು. ಲಿವರಿನ ಅಂಕಿ ಏರಿದ್ದರೆ ಬರೆದ ಚೀಟಿಯಿಂದ ಒಂದು ಬೇರನ್ನು ಹೊಡೆದುಹಾಕುವರು. ರೋಗಿಗಳ ಕೈಯಲ್ಲಿ ಒಂದು ತೆಳುವಾದ ಪುಸ್ತಕ ಇರುತ್ತಿತ್ತು. ಯಾವ ವಿಭಾಗಕ್ಕೆ ಹೋದರೂ ಅದೇ ಪುಸ್ತಕ. ಎದೆರೋಗದವರು ಬರೆದ ಮಾತ್ರೆಯ ಮುಂದಿನ ಪುಟದಲ್ಲೇ ಚೀನೀ ವೈದ್ಯರ ಕಷಾಯದ ಪಟ್ಟಿ. ಏನನ್ನೂ ಯಾರಿಂದಲೂ ಮುಚ್ಚಿಡುವ ಅಗತ್ಯ ರೋಗಿಗಿರಲಿಲ್ಲ. ನಾನು ಆ ದೇಶದಿಂದ ಹೊತ್ತು ತಂದ ಒಳ್ಳೆಯ ಪಾಠ ಆ ಪುಸ್ತಕವೇ.

ಈ ವ್ಯವಸ್ಥೆ ಅಲ್ಲಿಗೆ ತಾನಾಗಿ ಬರಲಿಲ್ಲ. 1929ರ ಫೆಬ್ರುವರಿಯಲ್ಲಿ, ಆಗಿನ ರಾಷ್ಟ್ರೀಯವಾದಿ ಸರ್ಕಾರದ ಆರೋಗ್ಯ ಸಮಿತಿ ಹಳೆಯ ವೈದ್ಯವನ್ನೇ ರದ್ದು ಮಾಡುವ ಗೊತ್ತುವಳಿ ಮಂಡಿಸಿತ್ತು. ಮಾರ್ಚ್ 17ರಂದು ದೇಶದ ನಾನಾ ಕಡೆಯ ವೈದ್ಯರು, ಮೂಲಿಕೆ ವ್ಯಾಪಾರಿಗಳು ಶಾಂಘೈನಲ್ಲಿ ಸೇರಿ ಪ್ರತಿಭಟಿಸಿದ ಮೇಲೆ ಅದು ಕಾಗದದಲ್ಲೇ ಉಳಿಯಿತು. 1949ರ ನಂತರ ಬಂದ ಸರ್ಕಾರಕ್ಕೆ ಅಷ್ಟೊಂದು ಜನರಿಗೆ ಸಾಲುವಷ್ಟು ಪಶ್ಚಿಮದ ವೈದ್ಯರಿರಲಿಲ್ಲ. ಆಧುನಿಕ ವೈದ್ಯ ಓದಿದವರನ್ನೇ ಹಳೆಯ ವೈದ್ಯ ಕಲಿಯಲು ಕಳಿಸಿದರು. 1955ರಲ್ಲಿ ಬೀಜಿಂಗಿನಲ್ಲಿ ಅಕಾಡೆಮಿ, 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ, ಚೆಂಗ್ಡುಗಳಲ್ಲಿ ಕಾಲೇಜುಗಳು ಬಂದವು. 1982ರ ಸಂವಿಧಾನದ 21ನೇ ವಿಧಿ ಎರಡೂ ವೈದ್ಯಗಳನ್ನು ಬೆಳೆಸುವುದು ರಾಜ್ಯದ ಕರ್ತವ್ಯ ಎಂದಿತು. 2017ರ ಜುಲೈನಿಂದ ಪ್ರತ್ಯೇಕ ಕಾನೂನೇ ಜಾರಿಗೆ ಬಂತು.

ಆ ನೀತಿಯ ಅತ್ಯುತ್ತಮ ಫಲ ಯಾವುದೆಂದು ಕೇಳಿದರೆ ನಾನು ತು ಯೂಯೂ ಎಂಬ ಹೆಣ್ಣುಮಗಳ ಹೆಸರು ಹೇಳುತ್ತೇನೆ. ಆಕೆ ಬೀಜಿಂಗಿನಲ್ಲಿ ಆಧುನಿಕ ಔಷಧಶಾಸ್ತ್ರ ಓದಿ 1955ರಲ್ಲಿ ಹೊರಬಂದವರು. ಆಮೇಲೆ ಇದೇ ನೀತಿಯಡಿ ಎರಡೂವರೆ ವರ್ಷ ಚೀನೀ ವೈದ್ಯ ಕಲಿತರು. ವಿಯೆಟ್ನಾಂ ಕಾಡುಗಳಲ್ಲಿ ಸೈನಿಕರು ಮಲೇರಿಯಾದಿಂದ ಸಾಯುತ್ತಿದ್ದಾಗ, 1967ರ ಮೇ 23ರಂದು ಚೀನಾ ಒಂದು ಗುಪ್ತ ಸಂಶೋಧನಾ ಯೋಜನೆ ಆರಂಭಿಸಿತು. ಆ ದಿನಾಂಕದಿಂದಲೇ ಅದಕ್ಕೆ 523 ಎಂಬ ಹೆಸರು. 1969ರಲ್ಲಿ ಅದರ ಒಂದು ತಂಡದ ಹೊಣೆ ತು ಅವರಿಗೆ ಬಂತು. ಎರಡು ಸಾವಿರಕ್ಕೂ ಹೆಚ್ಚು ಹಳೆಯ ಔಷಧ ವಿಧಾನಗಳನ್ನು ಕಲೆಹಾಕಿ, ಅದರಲ್ಲಿ 640ನ್ನು ಆರಿಸಿ, ಸುಮಾರು ಇನ್ನೂರು ಗಿಡಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳ ಮೇಲೆ ನೋಡಿದರು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಗುಣ ತೋರಿಸಿತು, ಮತ್ತೆ ಮಾಡಿದರೆ ತೋರಿಸಲಿಲ್ಲ.

ಆಗ ಆಕೆ ಹಳೆಯ ಗ್ರಂಥಗಳಿಗೆ ಮರಳಿದರು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಜ್ವರಕ್ಕೆ ಹೇಳಿದ ವಿಧಾನ ಹೀಗಿತ್ತು: ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ಎರಡು ಅಳತೆ ನೀರಿನಲ್ಲಿ ನೆನೆಹಾಕು, ಹಿಂಡು, ರಸವನ್ನೆಲ್ಲ ಕುಡಿ. ಅಲ್ಲಿ ಕುದಿಸು ಎಂಬ ಮಾತೇ ಇಲ್ಲ! ಕಾವಿಗೆ ಸತ್ವ ಹಾಳಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣದಲ್ಲೇ ಆವಿಯಾಗುವ ಈಥರಿನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿ ಮಲೇರಿಯಾ ಪರೋಪಜೀವಿಯನ್ನು ಪೂರ್ತಿ ಅಳಿಸಿತು. ರೋಗಿಗಳಿಗೆ ಕೊಡುವ ಮೊದಲು ತು ಮತ್ತು ಇಬ್ಬರು ಸಹೋದ್ಯೋಗಿಗಳು ತಾವೇ ಅದನ್ನು ಸೇವಿಸಿ ನೋಡಿದರು. ಆಮೇಲೆ ಹೈನಾನ್ ದ್ವೀಪದಲ್ಲಿ 21 ರೋಗಿಗಳಿಗೆ ಕೊಟ್ಟರು. ಆ ಸತ್ವವೇ ಆರ್ಟೆಮಿಸಿನಿನ್. 2015ರಲ್ಲಿ ಆಕೆಗೆ ನೊಬೆಲ್ ಬಂತು.

ಚೀನಾದಿಂದ ಮರಳಿದ ಮೇಲೆ ನಾನು ಇಂಟರ್ನ್‌ಶಿಪ್ ಮಾಡಿದ್ದು ಮಂಗಳೂರಿನಲ್ಲಿ. ಎದ್ದು ನಿಲ್ಲುತ್ತಿದ್ದ ಕಟ್ಟಡಗಳ ನಡುವೆ ನಿಂತ ನೀರು, ಅಲ್ಲೇ ಶೆಡ್ಡುಗಳಲ್ಲಿ ಮಲಗುವ ಕೂಲಿಕಾರರು, ಅವರಿಗೆ ಮಲೇರಿಯಾ. ಒಂದು ರಾತ್ರಿ ಪ್ರಜ್ಞೆಯಿಲ್ಲದೆ ಬಂದ ಹುಡುಗನೊಬ್ಬನಿಗೆ ನಾನೇ, ಆರ್ಟೆಮಿಸಿನಿನ್‌ನಿಂದಲೇ ತಯಾರಾಗುವ ಆರ್ಟೆಸುನೇಟ್ ಇಂಜೆಕ್ಷನ್ ಕೊಟ್ಟೆ. ಮೂರನೇ ದಿನ ಅವನು ಎದ್ದು ಕೂತು ಗಂಜಿ ಕುಡಿದ. ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೀವ್ರ ಮಲೇರಿಯಾಕ್ಕೆ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ತೀರಿಕೊಂಡರೆ ಆರ್ಟೆಸುನೇಟ್ ಪಡೆದವರಲ್ಲಿ 15 ಮಂದಿ ತೀರಿಕೊಂಡಿದ್ದರು. ಆ ಏಳು ಜೀವಗಳ ಹಿಂದೆ ಹದಿನಾರು ಶತಮಾನದ ಹಿಂದಿನ ಒಂದು ಸಾಲು ಇದೆ. ಹಾಗಾಗಿ ಹಳೆಯ ಓಲೆಗರಿಗಳಲ್ಲಿ ಏನೂ ಇಲ್ಲ ಎಂದು ನಗುವ ನನ್ನ ಸಹೋದ್ಯೋಗಿಗಳ ಜೊತೆ ನಾನು ನಗಲಾರೆ.

ಆದರೆ ಆ ಸಾಲು ಅಲ್ಲಿಂದ ಇಂಜೆಕ್ಷನ್ ಆಗುವವರೆಗೆ ಪಟ್ಟ ಪಾಡನ್ನೂ ನೋಡಬೇಕು. ಚಿಂಗ್‌ಹಾವ್ ಸೇರುವ ಆರ್ಟೆಮಿಸಿಯಾ ಜಾತಿಯ ಆರು ಗಿಡಗಳನ್ನು ಪರೀಕ್ಷಿಸಿದಾಗ ಈ ಸತ್ವ ಸಿಕ್ಕಿದ್ದು ಒಂದರಲ್ಲಿ ಮಾತ್ರ. ಗ್ರಂಥದ ಹೆಸರನ್ನಷ್ಟೇ ನಂಬಿ ಹೊರಟಿದ್ದರೆ ತಪ್ಪು ಗಿಡ ಕೈಗೆ ಬರುತ್ತಿತ್ತು.

ಈಶಾನ್ಯ ಚೀನಾದ ಹಾರ್ಬಿನ್ ನಗರದ ಕಥೆಯೂ ಇದೇ ಬಗೆಯದು. 1970ರ ದಶಕದ ಆರಂಭದಲ್ಲಿ, ಹಳ್ಳಿ ವೈದ್ಯನೊಬ್ಬನ ಔಷಧದಿಂದ ಕ್ಯಾನ್ಸರ್ ರೋಗಿಗಳಿಗೆ ಗುಣವಾಗುತ್ತಿದೆ ಎಂಬ ಸುದ್ದಿ ಕೇಳಿ ಅಲ್ಲಿನ ವೈದ್ಯರು ಹುಡುಕಿಕೊಂಡು ಹೋದರು. ಅದರಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಇತ್ತು, ಪಾದರಸದ ಲವಣ ಇತ್ತು, ಕಪ್ಪೆಯ ವಿಷ ಇತ್ತು. ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಯವರು ಒಂದೊಂದನ್ನೇ ಬಿಡಿಸಿ ನೋಡಿದರು. ಕೆಲಸ ಮಾಡುತ್ತಿದ್ದದ್ದು ಪಾಷಾಣ ಮಾತ್ರ, ಉಳಿದೆರಡು ಬರೀ ತೊಂದರೆ. ಇಂದು ಎಪಿಎಲ್ ಎಂಬ ರಕ್ತದ ಕ್ಯಾನ್ಸರಿಗೆ ಆರ್ಸೆನಿಕ್ ಟ್ರೈಆಕ್ಸೈಡ್ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅಮೆರಿಕ ಅದಕ್ಕೆ 2000ದಲ್ಲಿ ಒಪ್ಪಿಗೆ ಕೊಟ್ಟಿತು. ಇಲ್ಲಿ ಹಳ್ಳಿಯವನ ಮದ್ದನ್ನು ಯಾರೂ ಹೀಗಳೆಯಲಿಲ್ಲ, ಇದ್ದಂತೆಯೇ ನುಂಗಿಸಲೂ ಇಲ್ಲ.

ಈಗ ನನ್ನ ಡಯಾಲಿಸಿಸ್ ಕೋಣೆಗೆ ಹತ್ತಿರವಾದ ಸಂಗತಿಗೆ ಬರುತ್ತೇನೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ, ವಯಸ್ಸು ಹೆಚ್ಚಾಗಿಲ್ಲದ ಹೆಂಗಸರು ಒಬ್ಬರ ಹಿಂದೊಬ್ಬರು ಕಿಡ್ನಿ ವಿಫಲವಾಗಿ ಆಸ್ಪತ್ರೆಗೆ ಬರತೊಡಗಿದರು. ವಿಚಾರಿಸಿದಾಗ ಎಲ್ಲರೂ ಮೈ ಇಳಿಸುವ ಒಂದೇ ಕ್ಲಿನಿಕ್ಕಿಗೆ ಹೋದವರು. ಅಲ್ಲಿ ಮಾತ್ರೆಗಳ ಜೊತೆ ಚೀನೀ ಮೂಲಿಕೆಗಳ ಪುಡಿ ಸೇರಿಸಿ ಕೊಟ್ಟಿದ್ದರು. ಕೊಡಬೇಕಾಗಿದ್ದ ಬೇರು ಹಾನ್ ಫಾಂಗ್ ಜಿ. ಪೊಟ್ಟಣದೊಳಗೆ ಬಂದಿದ್ದು ಗ್ವಾಂಗ್ ಫಾಂಗ್ ಜಿ. ಚೀನಾದ ಮಾರುಕಟ್ಟೆಯಲ್ಲಿ ಎರಡಕ್ಕೂ ಫಾಂಗ್ ಜಿ ಎಂಬುದೇ ಕರೆಯುವ ಹೆಸರು, ಆದರೆ ಗಿಡದ ಕುಲವೇ ಬೇರೆ. ಎರಡನೆಯದು ಅರಿಸ್ಟೋಲೋಕಿಯಾ ಜಾತಿಯದು, ಅದರಲ್ಲಿ ಅರಿಸ್ಟೋಲೋಕಿಕ್ ಆಮ್ಲ ಇರುತ್ತದೆ. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. ಕೆಲವು ವರ್ಷಗಳ ನಂತರ, ಅವರಲ್ಲಿ 39 ಮಂದಿಯ ನಿಷ್ಕ್ರಿಯ ಕಿಡ್ನಿ ಮತ್ತು ಮೂತ್ರನಾಳಗಳನ್ನು ಮುನ್ನೆಚ್ಚರಿಕೆಗಾಗಿ ತೆಗೆದು ನೋಡಿದರೆ 18 ಮಂದಿಯಲ್ಲಿ ಕ್ಯಾನ್ಸರ್ ಇತ್ತು.

ಇದು ಯುರೋಪಿನವರ ಅಜ್ಞಾನದಿಂದ ಆದದ್ದು, ತಿಳಿದ ಚೀನೀ ವೈದ್ಯರ ಕೈಯಲ್ಲಿ ಹೀಗಾಗುತ್ತಿರಲಿಲ್ಲ ಎಂದು ಆಗ ಅನೇಕರು ಹೇಳಿದರು. ಆ ಮಾತು ನಿಲ್ಲಲಿಲ್ಲ. ಚೀನಾದಲ್ಲೇ ಲಕ್ಷಾಂತರ ಜನ ನುಂಗುತ್ತಿದ್ದ ಲಾಂಗ್‌ದಾನ್ ಗುಳಿಗೆಗಳಲ್ಲಿ ಇದೇ ಜಾತಿಯ ಇನ್ನೊಂದು ಬಳ್ಳಿ, ಗ್ವಾನ್ ಮು ಟಾಂಗ್, ಇತ್ತು. 2003ರಲ್ಲಿ ಅದನ್ನು ತೆಗೆಸಿದರು. ಮರುವರ್ಷ ಗ್ವಾಂಗ್ ಫಾಂಗ್ ಜಿಯನ್ನೂ ನಿಲ್ಲಿಸಿದರು. ಬೆಲ್ಜಿಯಂನ ಮೊದಲ ವರದಿ ಪ್ರಕಟವಾಗಿ ಅಷ್ಟು ಹೊತ್ತಿಗೆ ಹತ್ತು ವರ್ಷ ಕಳೆದಿತ್ತು.

ತೈವಾನ್ ಕಲಿಸಿದ್ದು ಇದಕ್ಕಿಂತ ದೊಡ್ಡ ಪಾಠ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಅಲ್ಲಿ 1995ರಲ್ಲಿ ಎಲ್ಲರಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬಂತು. ಚೀನೀ ಔಷಧಿಯೂ ಅದರೊಳಗೆ ಸೇರಿತು. ವಿಮೆಯ ಹಣ ಸಿಗಬೇಕಾದರೆ ಯಾವ ವೈದ್ಯ ಯಾರಿಗೆ ಯಾವ ಕಲ್ಪವನ್ನು (ಸಿದ್ಧ ಔಷಧ ಮಿಶ್ರಣವನ್ನು) ಎಷ್ಟು ಗ್ರಾಂ ಕೊಟ್ಟ ಎಂಬುದನ್ನು ದಾಖಲಿಸಲೇಬೇಕು. ಜನಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಡಯಾಲಿಸಿಸ್ ರೋಗಿಗಳಿರುವ ಜಾಗಗಳಲ್ಲಿ ತೈವಾನ್ ಒಂದು. ಮೂತ್ರನಾಳದ ಮೇಲ್ಭಾಗದ ಕ್ಯಾನ್ಸರ್ ಕೂಡ ಅಲ್ಲಿ ವಿಪರೀತ. ಸಂಶೋಧಕರು ವಿಮೆಯ ಕಡತ ತೆರೆದು ಲೆಕ್ಕ ಹಾಕಿದರು. 1997ರಿಂದ 2003ರ ನಡುವೆ ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಮಂದಿಗೆ ಅರಿಸ್ಟೋಲೋಕಿಕ್ ಆಮ್ಲವಿರಬಹುದಾದ ಮೂಲಿಕೆಗಳನ್ನು ಬರೆದುಕೊಟ್ಟಿದ್ದರು! ಸೇವಿಸಿದ ಪ್ರಮಾಣ ಏರಿದಂತೆ ಕ್ಯಾನ್ಸರಿನ ಅಪಾಯವೂ ಏರಿತ್ತು. ಗಡ್ಡೆಗಳ ಡಿಎನ್ಎಯಲ್ಲಿ ಈ ಆಮ್ಲ ಬಿಟ್ಟುಹೋಗುವ ವಿಶಿಷ್ಟ ಗುರುತೂ ಸಿಕ್ಕಿತು. ಲಿವರ್ ಕ್ಯಾನ್ಸರಿನ 98 ಮಾದರಿಗಳಲ್ಲಿ ನೂರಕ್ಕೆ 78ರಲ್ಲಿ ಅದೇ ಗುರುತು ಇದೆಯೆಂದು 2017ರಲ್ಲಿ ಪ್ರಕಟವಾಯಿತು. ತೈವಾನ್ 2003ರಲ್ಲೇ ಆ ಗಿಡಗಳನ್ನು ನಿಷೇಧಿಸಿತ್ತು.

ಸಾವಿರಾರು ವರ್ಷ ಬಳಸಿದ ಮೂಲಿಕೆ, ಅಪಾಯವಿದ್ದಿದ್ದರೆ ಯಾರಿಗಾದರೂ ಗೊತ್ತಾಗುತ್ತಿರಲಿಲ್ಲವೇ ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಗೊತ್ತಾಗುವುದಿಲ್ಲ. ನಾಲಿಗೆಗೆ ಇಟ್ಟೊಡನೆ ವಾಂತಿಯಾದರೆ, ಮೈ ನಡುಗಿದರೆ ಯಾವ ಕಾಲದ ವೈದ್ಯನಿಗೂ ತಿಳಿಯುತ್ತದೆ. ವತ್ಸನಾಭಿಯ ವಿಷ ನಮ್ಮವರಿಗೂ ಗೊತ್ತಿತ್ತು, ಚೀನೀಯರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಶುದ್ಧಿ ಮಾಡುವ ಕ್ರಮ ಕಂಡುಕೊಂಡಿದ್ದರು. ಆದರೆ ಇಂದು ತಿಂದ ಬೇರು ಹತ್ತು ವರ್ಷದ ಮೇಲೆ ಕ್ಯಾನ್ಸರ್ ತಂದರೆ ಯಾವ ನಾಡಿಪರೀಕ್ಷೆಯೂ ಆ ಎರಡನ್ನು ಜೋಡಿಸಲಾರದು. ನನ್ನ ಸ್ಟೆತಾಸ್ಕೋಪೂ ಜೋಡಿಸಲಾರದು. ಅದಕ್ಕೆ ಲಕ್ಷಾಂತರ ಜನರ ಲೆಕ್ಕ ಒಂದೇ ಕಡೆ ಇರಬೇಕು. ತೈವಾನಿನಲ್ಲಿ ಅದು ಇತ್ತು. ವಿಷವನ್ನು ಹಂಚಿದ್ದೂ ಎರಡು ವೈದ್ಯಗಳನ್ನು ಒಂದೇ ವಿಮೆಗೆ ತಂದ ಆ ಬೆಸುಗೆಯೇ, ಅದನ್ನು ಪತ್ತೆ ಮಾಡಿದ್ದೂ ಆ ಬೆಸುಗೆಯ ದಾಖಲೆಯೇ.

ಅರಿಸ್ಟೋಲೋಕಿಯಾ ಜಾತಿಯ ಬಳ್ಳಿ ನಮ್ಮಲ್ಲೂ ಇದೆ. ಈಶ್ವರಿ ಬಳ್ಳಿ ಎನ್ನುತ್ತೇವೆ. ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಬೇಲಿಗೆ ಹಬ್ಬುತ್ತದೆ, ಹಾವಿನ ಕಡಿತಕ್ಕೆ ಇದರ ಬೇರನ್ನು ಅರೆದು ಕೊಡುವ ರೂಢಿ ಬಹಳ ಹಳೆಯದು. ಅದರಲ್ಲೂ ಇರುವುದು ಅದೇ ಆಮ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅರಿಸ್ಟೋಲೋಕಿಯಾ ಜಾತಿಯ ಮೂಲಿಕೆಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 2002ರಲ್ಲೇ ಸೇರಿಸಿದೆ. ಬಳ್ಳಿಯನ್ನು ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈ ಜಾತಿಯ ಬಳ್ಳಿಗಳ ಎಲೆ ತಿಂದೇ ಬದುಕುತ್ತದೆ. ಇಂಥ ಚಿಟ್ಟೆಗಳು ಎಲೆಯ ಕಹಿ ವಿಷವನ್ನು ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ಬಳ್ಳಿ ಕಾಡಿನಲ್ಲಿರಲಿ, ಚಿಟ್ಟೆಗಿರಲಿ. ಹೊಟ್ಟೆಗೆ ಕೊಡುವ ಕಲ್ಪಗಳಲ್ಲಿ ಅದೆಲ್ಲೆಲ್ಲಿ ಇದೆ ಎಂಬುದನ್ನು ಹುಡುಕಿಸಿ, ನಿಲ್ಲಿಸಿ. ಇದು ನನ್ನ ಮೊದಲ ಬೇಡಿಕೆ.

ಚೀನಾದ ಎಲ್ಲ ಅನುಭವವೂ ಹೀಗೆ ಕಪ್ಪು ಬಿಳುಪಾಗಿಲ್ಲ. ಸೂಜಿಚಿಕಿತ್ಸೆಯನ್ನೇ ತೆಗೆದುಕೊಳ್ಳಿ. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ತೆಗೆದಾಗ ಸೂಜಿಯಿಂದಲೇ ಮರಗಟ್ಟಿಸಿದರು ಎಂದು ಇಂದಿಗೂ ಹೇಳುವವರಿದ್ದಾರೆ. ಅವರಿಗೆ ಕೊಟ್ಟಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್. ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆಯುಬ್ಬರಕ್ಕೆ. ಸೊಂಟನೋವಿನ 1,162 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಶಾಸ್ತ್ರ ಹೇಳಿದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 47.6 ಮಂದಿಗೆ ಗುಣ ಕಂಡಿತು, ಬೇಕೆಂದೇ ಬೇರೆ ಜಾಗಕ್ಕೆ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲಿ 44.2 ಮಂದಿಗೆ, ಮಾತ್ರೆ ಮತ್ತು ವ್ಯಾಯಾಮದ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 27.4 ಮಂದಿಗೆ. ಸೂಜಿಯ ಜಾಗದ ಶಾಸ್ತ್ರ ಇಲ್ಲಿ ನಿಲ್ಲಲಿಲ್ಲ. ನಮ್ಮ ಮಾತ್ರೆಯ ಚೀಟಿಯೂ ತಲೆ ಎತ್ತಲಿಲ್ಲ. ಯಾರೋ ಒಬ್ಬರು ಹತ್ತಿರ ಕೂತು, ನೋವಿರುವ ಮೈಯನ್ನು ಮುಟ್ಟಿ, ಅರ್ಧ ಗಂಟೆ ಕೊಟ್ಟಿದ್ದರಲ್ಲಿ ಏನೋ ಇದೆ ಎಂದು ನನಗನಿಸುತ್ತದೆ. ಎರಡು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ನನ್ನ ಹೊರರೋಗಿ ವಿಭಾಗದಲ್ಲಿ ಅದು ಇಲ್ಲ.

2023ರಲ್ಲಿ ಇನ್ನೊಂದು ಕುತೂಹಲದ ಫಲಿತಾಂಶ ಬಂತು. ಹೃದಯಾಘಾತವಾದ ಮೂರು ಸಾವಿರದ ಏಳುನೂರಕ್ಕೂ ಹೆಚ್ಚು ರೋಗಿಗಳಿಗೆ, ಚೀನಾದ 124 ಆಸ್ಪತ್ರೆಗಳಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಟಾಂಗ್‌ಶಿನ್‌ಲುವೊ ಎಂಬ ಮೂಲಿಕೆ ಗುಳಿಗೆ ಅಥವಾ ಅದರಂತೆಯೇ ಕಾಣುವ ಹುಸಿ ಗುಳಿಗೆ ಕೊಟ್ಟರು. ಯಾರಿಗೆ ಯಾವುದೆಂದು ವೈದ್ಯರಿಗೂ ಗೊತ್ತಿರಲಿಲ್ಲ. ಮೂವತ್ತು ದಿನಗಳಲ್ಲಿ ಸಾವು, ಮರು ಆಘಾತ, ಪಾರ್ಶ್ವವಾಯು ಮುಂತಾದವು ಹುಸಿ ಗುಳಿಗೆಯವರಲ್ಲಿ ನೂರಕ್ಕೆ 5.2, ಗುಳಿಗೆಯವರಲ್ಲಿ 3.4. ಬೇರೆ ದೇಶದಲ್ಲಿ ಮತ್ತೊಮ್ಮೆ ಆಗಿ ನೋಡುವವರೆಗೆ ನಾನು ಇದನ್ನು ನನ್ನ ರೋಗಿಗೆ ಬರೆಯುವುದಿಲ್ಲ. ಆದರೆ ನಮ್ಮ ಅರಿಷ್ಟ, ಆಸವ, ಗುಗ್ಗುಲುಗಳನ್ನು ಈ ಗಾತ್ರದಲ್ಲಿ, ಈ ಕಟ್ಟುನಿಟ್ಟಿನಲ್ಲಿ ಪರೀಕ್ಷೆಗೆ ಒಡ್ಡಿದ ದಿನ ಆಯುರ್ವೇದಕ್ಕೆ ಯಾರ ಹೊಗಳಿಕೆಯೂ ಬೇಕಾಗುವುದಿಲ್ಲ.

ಬೇಡದ ಪಾಠಗಳೂ ಅಲ್ಲಿವೆ. ಮೂಲಿಕೆ ಸಾರವನ್ನು ನೇರ ರಕ್ತಕ್ಕೆ ಕೊಡುವ ಇಂಜೆಕ್ಷನ್‌ಗಳನ್ನು ಚೀನಾ ಮಾರುಕಟ್ಟೆಗೆ ಬಿಟ್ಟಿತು. ಯೂಶಿಂಗ್‌ಸಾವ್ ಎಂಬ ಸೊಪ್ಪಿನ ಇಂಜೆಕ್ಷನ್‌ಗಳಿಂದ ತೀವ್ರ ಅಲರ್ಜಿ, ಸಾವುಗಳು ವರದಿಯಾಗಿ 2006ರಲ್ಲಿ ಅವನ್ನು ತಡೆಹಿಡಿಯಬೇಕಾಯಿತು. ಚೀನೀ ವೈದ್ಯದ ಗಂಧವಿಲ್ಲದ ಆಧುನಿಕ ವೈದ್ಯರೂ ಕಂಪನಿಗಳ ಸಿದ್ಧ ಚೀನೀ ಗುಳಿಗೆಗಳನ್ನು ಧಾರಾಳವಾಗಿ ಬರೆಯತೊಡಗಿದ್ದರಿಂದ, ತರಬೇತಿ ಇಲ್ಲದವರು ಬರೆಯಬಾರದೆಂದು 2019ರಲ್ಲಿ ಸರ್ಕಾರ ಹೇಳಬೇಕಾಯಿತು. ಇಷ್ಟಾದರೂ 2018ರಲ್ಲಿ ಹಳೆಯ ಗ್ರಂಥಗಳ ಆಯ್ದ ಕಲ್ಪಗಳಿಗೆ ಮನುಷ್ಯರ ಮೇಲಿನ ಪರೀಕ್ಷೆಯಿಂದ ವಿನಾಯಿತಿ ಕೊಟ್ಟರು. ನಮ್ಮಲ್ಲೂ ಶಾಸ್ತ್ರಗ್ರಂಥದಲ್ಲಿರುವ ಕಲ್ಪಕ್ಕೆ ಅಂಥ ಪರೀಕ್ಷೆ ಬೇಕಿಲ್ಲ. ಎರಡು ದೇಶಗಳೂ ಒಂದೇ ಕಡೆ ಎಡವುತ್ತಿವೆ.

ಮಾನ್ಯರೇ, ಈಗ ನಮ್ಮ ಮನೆಯ ಮಾತು. ಅಲೋಪಥಿ ಔಷಧಿಯಿಂದ ತೊಂದರೆಯಾದರೆ ವರದಿ ಮಾಡಲು 2010ರಲ್ಲಿ ಆರಂಭವಾದ ಕಾರ್ಯಕ್ರಮವಿದೆ. ಅದರ ಕೇಂದ್ರ ಗಾಜಿಯಾಬಾದಿನಲ್ಲಿ. ಆಯುಷ್ ಔಷಧಿಗಳಿಗೆ 2018ರಲ್ಲಿ ಬೇರೆಯೇ ಕಾರ್ಯಕ್ರಮ ಬಂತು. ಅದರ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿ. ಎರಡಕ್ಕೂ ಬೇರೆ ನಮೂನೆ, ಬೇರೆ ದಾರಿ. ನನ್ನ ಅಡಿಕೆ ಬೆಳೆಗಾರರು ನುಂಗಿದ್ದು ಎರಡನ್ನೂ. ನಾನು ಯಾವ ಕಾಗದ ತುಂಬಲಿ? ಅವರ ದೇಹದೊಳಗೆ ಎರಡು ಸಚಿವಾಲಯಗಳಿಲ್ಲ. ಕಾಲೇಜು ಬೆಸೆಯುವ, ಪದವಿ ಬೆಸೆಯುವ, ವಾರ್ಡು ಬೆಸೆಯುವ ಮೊದಲು ಈ ಎರಡು ಲೆಕ್ಕಗಳನ್ನು ಬೆಸೆಯಿರಿ. ಒಂದೇ ನಮೂನೆ, ಒಂದೇ ಕಡತ, ಎರಡೂ ಕಡೆಯ ತಜ್ಞರು ಕೂತು ಓದುವ ಒಂದೇ ಸಮಿತಿ. ನಾನು ಕೇಳುತ್ತಿರುವುದರಲ್ಲಿ ಮುಖ್ಯವಾದದ್ದು ಇದೇ. ಆಯುಷ್ಮಾನ್ ಭಾರತ್‌ನ ಡಿಜಿಟಲ್ ಆರೋಗ್ಯ ಖಾತೆ ಈಗಾಗಲೇ ಇದೆ. ಮಾತ್ರೆ ಬರೆದರೂ ಕಷಾಯ ಬರೆದರೂ ಅದು ಅದೇ ಖಾತೆಗೆ ಬೀಳಲಿ. ಪೊಟ್ಟಣ ಕಟ್ಟಿ ಮಾರುವವರು ಯಾರೇ ಆಗಲಿ, ಒಳಗಿರುವ ಪ್ರತಿ ಗಿಡದ ಹೆಸರನ್ನು ಕನ್ನಡದಲ್ಲಿ ಮತ್ತು ಸಸ್ಯಶಾಸ್ತ್ರದ ಹೆಸರಿನಲ್ಲಿ ಬರೆಯುವುದು ಕಡ್ಡಾಯವಾಗಲಿ.

ಈ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆಂದು 2021ರಲ್ಲಿ ನೋಡಿದ್ದೇವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಆರು ಮಂದಿಗೆ ಲಿವರ್ ಹಾನಿಯಾಗಿದೆ ಎಂದು ಮುಂಬೈನ ವೈದ್ಯರು ವರದಿ ಮಾಡಿದರು. ಆ ಸಂಬಂಧ ಕಲ್ಪಿಸುವುದೇ ದಾರಿ ತಪ್ಪಿಸುವಂಥದ್ದೆಂದು ಆಯುಷ್ ಸಚಿವಾಲಯ ಉತ್ತರಿಸಿತು, ಅಮೃತಬಳ್ಳಿಯಂತೆಯೇ ಕಾಣುವ ಬೇರೆ ಬಳ್ಳಿ ಇದ್ದಿರಬಹುದೆಂದೂ ಹೇಳಿತು. ಆಮೇಲೆ 13 ಕೇಂದ್ರಗಳ ವೈದ್ಯರು ಇಂಥ 43 ರೋಗಿಗಳನ್ನು ವರದಿ ಮಾಡಿದರು. ಬೇರೆ ಬಳ್ಳಿ ಇದ್ದಿರಬಹುದು ಎಂಬ ಉತ್ತರ ನನ್ನನ್ನು ಇನ್ನಷ್ಟು ಕಳವಳಕ್ಕೆ ತಳ್ಳುತ್ತದೆ. ಬ್ರಸೆಲ್ಸ್‌ನಲ್ಲಿ ನಡೆದದ್ದೂ ಅದೇ ಅಲ್ಲವೇ?

ನನ್ನ ಕಡೆಯವರ ತಪ್ಪನ್ನೂ ಹೇಳಲೇಬೇಕು. ನನ್ನ ವಾರ್ಡಿನಲ್ಲಿ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಕಿಡ್ನಿ ಕೆಟ್ಟವರೂ ಇದ್ದಾರೆ, ಅದನ್ನು ತಿಂಗಳುಗಟ್ಟಲೆ ಬರೆದವರು ನಮ್ಮವರೇ. ನಾಟಿ ಪುಡಿ ಎಂದು ಮಾರುವುದರೊಳಗೆ ಸ್ಟೀರಾಯ್ಡ್ ಬೆರೆಸುವವರು ಬೆರೆಸುವುದೂ ನಮ್ಮ ಮಾತ್ರೆಯನ್ನೇ. ರೋಗಿ ಎರಡನೇ ಕವರನ್ನು ಬಚ್ಚಿಡುವುದು ನಮ್ಮ ಬೈಗುಳಕ್ಕೆ ಹೆದರಿ. ನಾನೂ ಬೈದಿದ್ದೇನೆ. ಮುಷ್ಕರ ಹೂಡಿದ ದಿನ, ರೋಗಿ ನಮ್ಮಿಂದ ಏಕೆ ಮುಚ್ಚಿಡುತ್ತಾನೆ ಎಂದೂ ನಾವು ಕೇಳಿಕೊಳ್ಳಬೇಕಿತ್ತು.

ಆ ಹೆಂಗಸು ಎರಡನೇ ಕವರ್ ತೆಗೆದ ವಾರವೇ ನಾನು ನಮ್ಮ ಊರಿನ ಆಯುರ್ವೇದ ವೈದ್ಯರೊಬ್ಬರ ಬಳಿ ಹೋದೆ. ಪರಿಚಯವಿತ್ತು, ಮಾತಿರಲಿಲ್ಲ. ಒಂದು ಒಪ್ಪಂದ ಮಾಡಿಕೊಂಡೆವು. ಅವರ ರೋಗಿಗೆ ಮೂರು ತಿಂಗಳಿಗಿಂತ ಹೆಚ್ಚು ಔಷಧಿ ಬೇಕಾದರೆ ನಮ್ಮಲ್ಲಿ ಕ್ರಿಯಾಟಿನಿನ್, ಲಿವರ್ ಪರೀಕ್ಷೆ ಮಾಡಿಸುತ್ತಾರೆ. ನನ್ನ ರೋಗಿ ಕಷಾಯ ಕುಡಿಯುತ್ತಿದ್ದರೆ ನಾನು ಅವರಿಗೆ ಫೋನ್ ಮಾಡಿ ಅದರಲ್ಲೇನಿದೆ ಎಂದು ಕೇಳುತ್ತೇನೆ. ಇಬ್ಬರೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ, ಅದು ರೋಗಿಯ ಕೈಯಲ್ಲೇ ಇರುತ್ತದೆ. ಇಲ್ಲಿಯವರೆಗೆ 61 ನೋಟ್‌ಬುಕ್ಕುಗಳಾಗಿವೆ. ನಾಲ್ಕು ಮಂದಿಯ ಕಿಡ್ನಿಯ ಅಂಕಿ ಏರುತ್ತಿದ್ದದ್ದು ಸಕಾಲಕ್ಕೆ ಗೊತ್ತಾಯಿತು. ಅದರಲ್ಲಿ ಇಬ್ಬರಿಗೆ ನಿಲ್ಲಿಸಿದ್ದು ನನ್ನ ಮಾತ್ರೆ, ಇಬ್ಬರಿಗೆ ಅವರ ಚೂರ್ಣ.

ಇಬ್ಬರು ವೈದ್ಯರು, ಒಂದು ಊರು, ಹತ್ತು ರೂಪಾಯಿಯ ನೋಟ್‌ಬುಕ್. ಇದನ್ನು ತಾಲ್ಲೂಕಿಗೆ, ಜಿಲ್ಲೆಗೆ, ದೇಶಕ್ಕೆ ಹಿಗ್ಗಿಸುವ ಶಕ್ತಿ ನಿಮ್ಮ ಸಹಿಗಿದೆ. ನಿಮ್ಮ ಅಧಿಕಾರಿಗಳು ಯಾರಾದರೂ ಬಂದು ನೋಡುವುದಾದರೆ, ರೋಗಿಗಳ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಆ 61 ನೋಟ್‌ಬುಕ್ಕುಗಳ ಪ್ರತಿಯನ್ನೂ ಆ ಪುಡಿಯ ಉಳಿದ ಎರಡು ಪೊಟ್ಟಣಗಳನ್ನೂ ಕೊಡಲು ನಾವಿಬ್ಬರೂ ಸಿದ್ಧರಿದ್ದೇವೆ. ಪೊಟ್ಟಣಗಳು ನನ್ನ ಮೇಜಿನ ಡ್ರಾಯರಿನಲ್ಲಿವೆ. ಒಳಗೇನಿದೆ ಎಂದು ಪರೀಕ್ಷಿಸಿ ಹೇಳುವ ಒಂದು ಪ್ರಯೋಗಾಲಯದ ವಿಳಾಸ ತಿಳಿಸಿದರೆ ನಾಳೆಯೇ ಕಳಿಸುತ್ತೇನೆ. ಆ ಬೆಳೆಗಾರರ ಹೆಂಡತಿ ಪ್ರತಿ ವಾರ ಕೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯೆ